ಸೆವಿಂಜ್ ಆಂಟಿ ಬಾಕುವಿಗೆ ಹೊರಟ ಶುಕ್ರವಾರ

ಪಾಸ್‌ಪೋರ್ಟು ವೀಸಾ ಕೊಡಿಸಿದ ಕಫೀಲನ ಆಫೀಸಿನ ಕಪಾಟಿನಲ್ಲೇ ಉಳಿದುಬಿಡಬಹುದಿತ್ತು. ಶುಕ್ರವಾರ ರಜೆಯಾದ್ದರಿಂದ ಅದನ್ನು ತೆಗೆದುಕೊಡಲು ಯಾರೂ ಸಿಗದೇ ಹೋಗಬಹುದಿತ್ತು. ಕೆಳಗಿನ ಅಂಗಡಿಯ ಅಬ್ಬು ಕಾಕನ ಹಳೆಯ ಕಾರು ಕೊಲ್ಲಿ ನಾಡಿನಲ್ಲಿ ನಾವಿದ್ದ ಅಲ್ ಖುವೈರಿನ ಹೆದ್ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ವಿಮಾನ ತಪ್ಪಬಹುದಿತ್ತು, ಅದು ಸಿಕ್ಕರೂ ದುಬೈಯಿಂದ ಮುಂದಿನದು ತಪ್ಪಬಹುದಿತ್ತು. ಎಲ್ಲ ಸರಿಹೋಗಿ ಬಾಕು ತಲುಪಿ ವೇದಿಕೆ ಹತ್ತಿದ ಮೇಲೆ ಸೆವಿಂಜ್ ಆಂಟಿಯ ಗಂಟಲೇ ಕಟ್ಟಿಕೊಳ್ಳಬಹುದಿತ್ತು. ಹತ್ತು ವರ್ಷದ ನಾನು ಇಷ್ಟನ್ನೂ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೆ. ನಲವತ್ತು ದಾಟಿದರೂ ಆ ಚಟ ಬಿಟ್ಟಿಲ್ಲ, ಈಗ ಹಾಳೆಗಳು ಹೆಚ್ಚಾಗಿವೆ ಅಷ್ಟೆ. ಮೊನ್ನೆ ಯಾರದೋ ಮನೆಯಲ್ಲಿ ಹಾಲಿಲ್ಲದ ಚಹಾದ ಜೊತೆಗೆ ಚೆರ್ರಿ ಜಾಮಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟೆ. ನನ್ನ ಮುಖ ನೋಡಿದ ಆ ಮನೆಯವರು, ನಿಮಗೆ ಶುಗರ್ ಇದೆಯಾ ಎಂದು ಕೇಳಿ ಜಾಮನ್ನು ದೂರ ಸರಿಸಿದರು.

ನಮ್ಮ ಫ್ಲಾಟಿನ ಎದುರು ಬಾಗಿಲು ಸೆವಿಂಜ್ ಆಂಟಿಯದು. ಗಂಡ ತೈಲ ಕಂಪನಿಯ ಇಂಜಿನಿಯರ್, ವಾರಗಟ್ಟಲೆ ಮರುಭೂಮಿಯಲ್ಲೇ ಇರುತ್ತಿದ್ದರು. ಡ್ಯಾಡಿ ಮಮ್ಮಿ ಇಬ್ಬರೂ ಆಫೀಸಿನಿಂದ ಬರುವುದು ಸಂಜೆಯಾದ್ದರಿಂದ, ಶಾಲೆಯ ಬಸ್ಸಿಳಿದ ನಾನು ಹೋಗುತ್ತಿದ್ದದ್ದು ಅವರ ಮನೆಗೆ. "ಬಾ ಮಾರಾಯ್ತಿ" ಎಂದು, ಮಮ್ಮಿಯಿಂದ ಕಲಿತ ಎರಡೇ ಎರಡು ಕನ್ನಡ ಪದಗಳಲ್ಲಿ ಬಾಗಿಲು ತೆರೆಯುತ್ತಿದ್ದರು. ಮಿಕ್ಕಿದ್ದೆಲ್ಲ ಮುರುಕು ಇಂಗ್ಲಿಷು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಚಹಾ. ಜಾಮನ್ನು ಅದರಲ್ಲಿ ಕಲಕುವಂತಿಲ್ಲ. ನಾಲಿಗೆಯ ಮೇಲಿಟ್ಟುಕೊಂಡು ಚಹಾ ಹೀರಬೇಕು. ಆಮೇಲೆ ಆಲ್ಬಮ್ಮು. "ಇವನು ಕುಸ್ತಿಯಲ್ಲಿ ಚಿನ್ನ ಗೆದ್ದವನು. ಕಿವಿ ನೋಡು, ಜಜ್ಜಿದ ಅಂಜೂರ. ಇವನು ಚೆಸ್ಸಿನವನು, ನನ್ನ ಮದುವೆಯಲ್ಲಿ ಊಟ ಬಿಟ್ಟು ಆಡುತ್ತ ಕೂತಿದ್ದ. ಈ ಕವಿ ಪಾರ್ಲಿಮೆಂಟಿಗೂ ಹೋದ, ಅಲ್ಲಿ ಚೆನ್ನಾಗಿ ನಿದ್ದೆ ಮಾಡಿದ." ಆ ದೊಡ್ಡವರೆಲ್ಲರ ನಡುವೆ, ಕಡುಗೆಂಪು ಮಖಮಲ್ಲಿನ ನಿಲುವಂಗಿಯಲ್ಲಿ, ದಫ್ಫಿನಂಥ ವಾದ್ಯವನ್ನು ಕೆನ್ನೆಯ ಪಕ್ಕಕ್ಕೆ ಎತ್ತಿ ಹಿಡಿದು ಹಾಡುತ್ತಿದ್ದವರು ಆಂಟಿಯೇ. ತವರೂರು ಬಾಕುವಿನಲ್ಲಿ ಬ್ರೆಡ್ಡಿನ ಸಾಲಿನಲ್ಲಿ ನಿಂತರೆ ಜನ ತಾವಾಗಿ ಜಾಗ ಬಿಡುತ್ತಿದ್ದರಂತೆ. ಅಲ್ ಖುವೈರಿನಲ್ಲಿ ಅವರು ಎಲ್ಲರಿಗೂ ಬರೀ 'ರಷ್ಯದವಳು'. ಒಂದೇ ಸ್ವರವನ್ನು ಎಳೆದೆಳೆದು ಏರಿಸುವ ತಮ್ಮ ನಾಡಿನ ಹಾಡನ್ನು ಅವರು ಹಾಡುತ್ತಿದ್ದದ್ದು ಅಡುಗೆಮನೆಯ ಫ್ಯಾನ್ ಹಾಕಿಕೊಂಡು, ಯಾರಿಗೂ ಕೇಳದ ಹಾಗೆ.

ಊರು ಬಿಟ್ಟ ಎಂಟು ವರ್ಷಗಳ ನಂತರ ಬಾಕುವಿನಿಂದ ಮತ್ತೆ ಹಾಡಲು ಕರೆ ಬಂತು. ಎರಡು ತಿಂಗಳು, ಬಂದೇ ಬರುತ್ತೇನೆ ಎಂದು ನನ್ನ ಗಲ್ಲ ಹಿಡಿದು ಹೇಳಿದರು. ಬರದಿದ್ದರೆ? ಅದೊಂದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಲು ಕೈ ಬರಲಿಲ್ಲ. ಬರದಿದ್ದರೆ ನನಗೆ ಉಳಿಯುವುದು ಕೊರಳಿಗೆ ಕಟ್ಟಿದ ಬೀಗದ ಕೈ, ಏಸಿಯ ಗುಂಯ್ ಸದ್ದು, ಸಂಜೆಯವರೆಗೆ ಖಾಲಿ ಮನೆ.

ಹೊರಡುವ ಬೆಳಿಗ್ಗೆ ಆಂಟಿ ನಮ್ಮ ಅಡುಗೆಮನೆಯಿಂದಲೇ ಒಂದು ಜಗ್ಗು ನೀರು ತಂದು ನನ್ನ ಕೈಗಿಟ್ಟರು. ಕಾರು ಹೊರಟ ಕೂಡಲೇ ಹಿಂದಿನಿಂದ ಸುರಿ, ನೀರಿನ ಹಾಗೆ ಸಲೀಸಾಗಿ ಹೋಗಿ ಸಲೀಸಾಗಿ ಬರುತ್ತೇನೆ, ನಮ್ಮಲ್ಲಿ ಹಾಗೆಯೇ ಕಳಿಸುವುದು ಎಂದರು.

"ಚಕ್ರಕ್ಕೇ ಹೊಯ್ಯಿ ಮಗಾ, ಧೂಳಾದ್ರೂ ಹೋಗ್ಲಿ," ಅಂದ ಅಬ್ಬು ಕಾಕ. "ಯಲ್ಲಾ, ಹೊರಡುವ!"

ಕಾರು ಹೊರಟಿತು. ಜಗ್ಗು ಎತ್ತಿದೆ. ಹಿಂದಿನಿಂದ ಮಮ್ಮಿ ಬಂದು ಮಣಿಕಟ್ಟು ಹಿಡಿದಳು.

"ಎಂತ ಮಾಡ್ತಿ ನೀನು? ಹೆಣ ಹೊರಟ ಮೇಲೆ ಅಲ್ವಾ ಬಾಗಿಲಿಗೆ ನೀರು ಹಾಕುವುದು?"

"ಆಂಟಿಯೇ ಹೇಳಿದ್ದು ಮಮ್ಮಿ."

"ಅವಳಿಗೆಂತ ಗೊತ್ತು, ಪಾಪ. ಪ್ರಯಾಣ ಹೊರಟವಳಿಗೆ ಅಪಶಕುನ ಮಾಡ್ತಾರಾ? ಅದೂ ಕುಡಿಯುವ ನೀರು!"

ಆಂಟಿ ಹಿಂದಿನ ಗಾಜಿನಿಂದ ತಿರುವಿನವರೆಗೂ ನೋಡುತ್ತಲೇ ಇದ್ದರು. ನಾನು ಅತ್ತದ್ದು ಅವರು ಹೋದದ್ದಕ್ಕೆಂದು ಮಮ್ಮಿ ತಿಳಿದಳು.

ನನ್ನ ಪಟ್ಟಿಯಲ್ಲಿದ್ದ ಯಾವುದೂ ಆಗಲಿಲ್ಲ. ಪಾಸ್‌ಪೋರ್ಟು ಸಿಕ್ಕಿತ್ತು, ಕಾರು ಕೆಡಲಿಲ್ಲ, ಎರಡು ವಿಮಾನಗಳೂ ಸಿಕ್ಕವು. ಗಂಟಲಂತೂ ಎಷ್ಟು ಸರಿಯಾಗಿತ್ತೆಂದರೆ, ಆಮೇಲೆ ಬಂದ ಕ್ಯಾಸೆಟ್ಟಿನಲ್ಲಿ ಚಪ್ಪಾಳೆ ನಿಲ್ಲುವ ಮೊದಲು ಟೇಪೇ ಮುಗಿದುಹೋಗಿತ್ತು. "ಇಷ್ಟು ದೊಡ್ಡ ಹಾಡುಗಾರ್ತಿ ನಮ್ಮ ಎದುರು ಮನೆಯಲ್ಲಿ ಇದ್ದಳಾ!" ಎಂದು ಮಮ್ಮಿ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಬಾಕುವಿನವರು ಆಂಟಿಯನ್ನು ಬಿಡಲಿಲ್ಲ. ಎರಡು ತಿಂಗಳು ಆರಾಯಿತು, ಕೊನೆಗೆ ಗಂಡನೂ ಸಾಮಾನು ಕಟ್ಟಿ ಹೊರಟರು. ಒಳ್ಳೆಯದೇ ಆಯಿತು, ಯಾರನ್ನೂ ದೂರುವಂತಿಲ್ಲ. ಈಗ ಆ ಕಟ್ಟಡವಿಲ್ಲ, ಮಮ್ಮಿಯೂ ಇಲ್ಲ. ಆ ಶುಕ್ರವಾರ ತಪ್ಪಿದ್ದು ಒಂದೇ. ಜಗ್ಗನ್ನು ನನ್ನ ಕೈಯಿಂದ ಬಿಡಿಸಿ ಮಮ್ಮಿ ಫ್ರಿಜ್ಜಿನಲ್ಲಿಟ್ಟಳು. ಮಧ್ಯಾಹ್ನದ ಬಂಗುಡೆ ಸಾರಿಗೆ ಖಾರ ಜಾಸ್ತಿಯಾಗಿತ್ತು. ಆ ಜಗ್ಗಿನ ನೀರನ್ನು ನಾನೇ ಎರಡು ಲೋಟ ಕುಡಿದೆ.