ಹಾಸಿನ ಮೇಲಿನ ಕೂದಲು

ಇವತ್ತು ಬೆಳಿಗ್ಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಹಾಸಿನ ಮೇಲೆ ಒಂದು ಕೂದಲು ಕಂಡಿತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಈ ಹಾಸು ಹಾಲಿನ ಕೆನೆಯ ಬಣ್ಣದ್ದು. ಕಪ್ಪು ಕೂದಲು ಅದರ ಮೇಲೆ ಸ್ಲೇಟಿನ ಮೇಲೆ ಎಳೆದ ಗೆರೆಯ ಹಾಗೆ, ಆದರೆ ಬಣ್ಣ ಅದಲುಬದಲಾಗಿ, ಮಲಗಿತ್ತು.

ಕೊಳ್ಳೇಗಾಲದ ರೇಷ್ಮೆ ಸೀರೆ ನೀವು ಕೊಂಡಿರಬಹುದು. ಅಂಗಡಿಯಲ್ಲಿ ಸೆರಗು ಬಿಡಿಸಿ, ಜರಿ ಉಜ್ಜಿ, ಬೆಲೆ ಕೇಳಿ ಮುಖ ಸಿಂಡರಿಸಿರಲೂಬಹುದು. ನೇಯುವವನು ಒಂದು ಚಿಮಟವನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾನೆ ಎಂಬುದು ಮಾತ್ರ ನಿಮಗೆ ಗೊತ್ತಿರಲಾರದು. ಕೂದಲು ಬಿದ್ದರೆ ಕೂಡಲೇ ತೆಗೆಯಬೇಕು. ತೆಗೆಯದೆ ಲಾಳಿ ಓಡಿಸಿದರೆ ಅದು ಬಟ್ಟೆಯೊಳಗೆ ಸೇರಿಹೋಗುತ್ತದೆ. ಮಳಿಗೆಯವರು ಬೆಳಕಿಗೆ ಹಿಡಿದು ನೋಡಿ ಸೀರೆ ವಾಪಸು ಎಸೆಯುತ್ತಾರೆ. ನಾನು ಚಿಮಟ ಕೈಗೆ ತೆಗೆದುಕೊಂಡೆ. ತೆಗೆದುಕೊಂಡವನು ಸುಮ್ಮನೆ ಕೂತೆ. ಆ ಕೂದಲು ಒಂದು ಮೊಳ ಇತ್ತು. ನನ್ನ ತಲೆಯಲ್ಲಿ ಬೆರಳಿನಷ್ಟು ಉದ್ದದ್ದೂ ಇಲ್ಲ.

ಇದು ನನ್ನ ತಮ್ಮ ಶಿವುವಿನ ಮಗ್ಗ. ಎಂಟು ತಿಂಗಳಿಂದ ಬೆಡ್‌ಶೀಟ್ ಹೊದ್ದು ಮಲಗಿತ್ತು. ಪಕ್ಕದ ಅಪ್ಪನ ಮಗ್ಗದಲ್ಲಿ ನಾನು ನೇಯುತ್ತಿದ್ದೆ. ಇದರ ಕಡೆ ನೋಡುತ್ತಿರಲಿಲ್ಲ. ಈ ವಾರವಷ್ಟೇ ಹೊದಿಕೆ ತೆಗೆದೆ. ಅವನು ಅರ್ಧ ನೇಯ್ದು ಬಿಟ್ಟ ಸೀರೆ ಹಾಗೇ ಇದೆ.

ಶಿವುವಿಗೆ ಅಷ್ಟುದ್ದ ಕೂದಲು ಯಾಕೆ ಎಂದರೆ, ಅದು ಅವನದಾಗಿರಲಿಲ್ಲ, ದೇವರದು. ಮೂರು ವರ್ಷದ ಹಿಂದೆ ಅಪ್ಪನಿಗೆ ಬಲಗೈ ಸ್ವಾಧೀನ ತಪ್ಪಿತು. ಅಪ್ಪ ಮತ್ತೆ ಮಗ್ಗಕ್ಕೆ ಕೂತರೆ ಮುಡಿ ಕೊಡುತ್ತೇನೆ ಎಂದು ಶಿವು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತ. ನಮ್ಮ ಕಡೆ ಇದು ದೊಡ್ಡ ಸಂಗತಿಯಲ್ಲ. ಬೆಟ್ಟದ ಬಸ್ಸಿನಲ್ಲಿ ನೋಡಿದರೆ ಪ್ರತಿ ಸಲವೂ ಒಂದಿಬ್ಬರು ಜಡೆಯ ಗಂಡಸರು ಇರುತ್ತಾರೆ. ಹರಕೆ ಹೊತ್ತ ತಲೆಗೆ ಕತ್ತರಿ ತಾಗಿಸುವ ಹಾಗಿಲ್ಲ. ಉದುರಿದ್ದನ್ನು ಗುಡಿಸಿ ಬಿಸಾಡುವ ಹಾಗೂ ಇಲ್ಲ ಎಂಬುದು ಅಮ್ಮನ ಸ್ವಂತ ಸೇರ್ಪಡೆ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ದೇವರ ಗೂಡಿನ ಕೆಳಗಿಟ್ಟು, ಬಾಚುವಾಗ ಬಂದದ್ದನ್ನು ಸುತ್ತಿ ಅದಕ್ಕೆ ಹಾಕುತ್ತಿದ್ದಳು.

ಹೋದ ವರ್ಷ ಡಬ್ಬಿ ಬೇಗ ಬೇಗ ತುಂಬತೊಡಗಿತು.

ಅಪ್ಪನ ತಲೆ ಬೋಳಾದದ್ದು ಒಂದು ಕ್ರಮದಲ್ಲಿ. ಮೊದಲು ಹಣೆ, ಆಮೇಲೆ ನೆತ್ತಿ, ಕಿವಿಯ ಸುತ್ತ ಬೇಲಿ ಹಾಕಿದ ಹಾಗೆ ಉಳಿದದ್ದು. ಶಿವುವಿನದು ಹಾಗಲ್ಲ. ಎಲ್ಲ ಕಡೆಯಿಂದಲೂ, ಒಂದೇ ಸಮ, ತೆಳ್ಳಗಾಗುತ್ತ ಬಂತು. ಬೋಳು ಎಲ್ಲೂ ಇಲ್ಲ. ಎಲ್ಲೆಲ್ಲೂ ನೆತ್ತಿ ಕಾಣುತ್ತದೆ. ಇಪ್ಪತ್ತಾರರ ಹುಡುಗನಿಗೆ ಯಾಕೆ ಹೀಗೆ ಎಂದು ಎಲ್ಲರಿಗೂ ಗೊತ್ತಿತ್ತು, ಪ್ರತಿಯೊಬ್ಬರಿಗೂ ಒಂದೊಂದು ಬೇರೆ ಕಾರಣ.

"ಬೋರ್ ನೀರ್ಲಿ ತಲೆ ತೊಳ್ದ್ರೆ ಇನ್ನೇನಾದದು?" ಎಂದ ಅಪ್ಪ.

ಯಳಂದೂರಿನ ಅತ್ತೆ ಬಂದವಳು ನೆತ್ತಿಗೆ ಕೈಯಿಟ್ಟು ನೋಡಿದಳು. "ಉಷ್ಣ ಕಣವ್ವ. ಮುಟ್ಟುದ್ರೆ ಸುಡ್ತದೆ. ವಾರಕ್ಕೆರಡು ದಪ ಹರಳೆಣ್ಣೆ ತಟ್ಟು. ಮದ್ವೆಗೆ ಮುಂಚೆ ಇಂಗಾದ್ರೆ ಯಾರ್ಲಾ ಹೆಣ್ಣು ಕೊಟ್ಟಾರು ನಿಂಗೆ?"

"ನಿನ್ ಮಗಳ್ನ ಕೊಡತ್ತೆ, ಅವ್ಳಿಗೆ ಬೇಕಾದಂಗವೆ ಕೂದ್ಲು. ಇಬ್ರೂ ಅಂಚ್ಕತೀವಿ," ಎಂದ ಶಿವು.

ಹನೂರಿನಲ್ಲಿ ನಮಗೆ ಗೊತ್ತಿದ್ದ ಕ್ಷೌರದಂಗಡಿಯವನಿಗೆ ತೋರಿಸಿದರೆ ಆತ ಕೈಯನ್ನೇ ಹಿಂದಕ್ಕೆ ತೆಗೆದುಕೊಂಡ. "ಮುಡಿ ಬುಟ್ಟಿರೋ ತಲೆಯ ನಾನು ಮುಟ್ಟಕಿಲ್ಲ ಕಣಪ್ಪ. ಅದು ಮಾದಪ್ಪನ್ದು, ಅವನೇ ನೋಡ್ಕತಾನೆ." ಹೆಲ್ಮೆಟ್ಟು ಎಂದವರಿದ್ದರು, ಶಾಂಪೂ, ಮೊಬೈಲು, ನಿದ್ದೆಗೇಡು ಎಂದವರಿದ್ದರು.

ನಾನು ಏನು ಹೇಳಿದೆ ಎಂಬುದನ್ನೂ ಬರೆಯಬೇಕು. ಒಂದು ದಿನ ಊಟದ ಹೊತ್ತಿನಲ್ಲಿ ಅಮ್ಮ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು, ಅದು ಕೂರುತ್ತಿರಲಿಲ್ಲ. ನಾನೆಂದೆ: "ಬೆಟ್ಟಕ್ಕೆ ಓಗದು ತಡ ಆಯ್ತು ಅಂತ ಮಾದಪ್ಪ ಕಂತಲ್ಲಿ ಈಸ್ಕತಾವ್ನೆ ಕಣ್ಲಾ."

ಎಲ್ಲರೂ ನಕ್ಕರು. ಅಪ್ಪನಿಗೆ ಕೆಮ್ಮು ಬರುವಷ್ಟು ನಗು. ಶಿವುವೇ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಅದು ನಮ್ಮ ಮನೆಯ ಮಾತೇ ಆಗಿಹೋಯಿತು. ಬೆಳಿಗ್ಗೆ ಅವನು ತಲೆ ಬಾಚಲು ನಿಂತರೆ, "ಏನ್ಲಾ, ಇವತ್ತಿನ ಕಂತು ಕಟ್ದಾ?" ಎಂದು ನಾನು ಕೇಳುವುದು, "ಕಟ್ಟಾಯ್ತು ಕಣಣ್ಣೋ, ರಸೀತಿ ಬೇಕಾ?" ಎಂದು ಅವನು ಬಾಚಣಿಗೆ ತೋರಿಸುವುದು. ಅದು ದೇವರ ಕೂದಲು, ದೇವರು ತೆಗೆದುಕೊಳ್ಳುತ್ತಿದ್ದಾನೆ. ಡಾಕ್ಟರಿಗೆ ತೋರಿಸಬೇಕು ಎಂಬ ಮಾತು ನಮ್ಮಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ.

ಅವನ ಕಾಲು ಊದಿಕೊಂಡಾಗ ದಿನವಿಡೀ ಗುಂಡಿಯಲ್ಲಿ ಕಾಲಿಟ್ಟು ಕೂರುವುದರಿಂದ ಎಂದುಕೊಂಡೆವು. ಮುಖ ಊದಿಕೊಂಡಾಗ ಕೊಳ್ಳೇಗಾಲದ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಚೀಟಿ ನೋಡಿ, ಮೈಸೂರಿಗೆ ಬರೆದುಕೊಟ್ಟರು. ಎರಡೂ ಕಿಡ್ನಿ ಸೋತಿದ್ದವು. ಏಳು ವಾರ. ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮೈಸೂರಿನ ಡಾಕ್ಟರರನ್ನು ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. "ಸಾ, ಒಂದು ವರ್ಷದಿಂದ ಇವನ ಕೂದಲು ಉದುರ್ತಿತ್ತು. ಅದು ಇದಕ್ಕೇನಾ?"

"ಇರಬಹುದು, ಇಲ್ಲದೇನೂ ಇರಬಹುದು. ಕೂದಲು ನೂರು ಕಾರಣಕ್ಕೆ ಉದುರುತ್ತೆ. ಅದೊಂದರಿಂದ ಹೇಳೋಕಾಗಲ್ಲ," ಎಂದರು. ಹೋಗುತ್ತಿದ್ದವರು ನಿಂತರು. "ಆಗೊಂದು ಸಲ ರಕ್ತ ಪರೀಕ್ಷೆ ಮಾಡಿಸಿದ್ದಿದ್ರೆ..." ಮಾತು ಮುಗಿಸಲಿಲ್ಲ. ಆ ಅರ್ಧ ಮಾತನ್ನು ನಾನು ಎಷ್ಟು ಥರದಲ್ಲಿ ಮುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಅದು ನನ್ನನ್ನು ಬಿಟ್ಟುಬಿಡುತ್ತದೆ, ಮರುದಿನ ಹಿಡಿದುಕೊಳ್ಳುತ್ತದೆ.

ಕರ್ಮ ಮಾಡಿದವನು ಚಿಕ್ಕಪ್ಪನ ಕಿರಿಯ ಮಗ. ಕಿರಿಯವನು ಸತ್ತರೆ ಹಿರಿಯವನು ತಲೆ ಬೋಳಿಸಿಕೊಳ್ಳಬಾರದಂತೆ. ನಾನು ಕೂತೇ ಇದ್ದೆ, ಕ್ಷೌರಿಕನ ಮುಂದೆ ಅವನು ತಲೆಯೊಡ್ಡಿದ. ಆ ದಿನ ನನ್ನ ತಲೆಯ ಕೂದಲು ನನಗೆ ಭಾರವೆನಿಸಿತು, ಬೇರೆಯವರ ಟೋಪಿ ಹಾಕಿಕೊಂಡ ಹಾಗೆ.

ಮೂರನೆಯ ತಿಂಗಳು ನನ್ನದೂ ಶುರುವಾಯಿತು.

ದಿಂಬಿನ ಮೇಲೆ, ಟವೆಲ್ಲಿನಲ್ಲಿ, ರಾಗಿಮುದ್ದೆಯ ಮೇಲೆ. ಕನ್ನಡಿಯಲ್ಲಿ ನೋಡಿಕೊಂಡರೆ ಅಪ್ಪನ ಕ್ರಮ ಕಾಣಲಿಲ್ಲ. ಶಿವುವಿನ ಹಾಗೆಯೇ, ಎಲ್ಲ ಕಡೆಯಿಂದ. ಬೆರಳಾಡಿಸಿದರೆ ಬೆರಳಿನ ಜೊತೆಗೆ ಬಂದುಬಿಡುತ್ತಿತ್ತು. ನಾನು ದಿನಕ್ಕೆ ನಾಲ್ಕು ಸಲ ಪಾದ ಒತ್ತಿ ನೋಡಿಕೊಳ್ಳತೊಡಗಿದೆ, ಊದಿದ ಶಿವುವಿನ ಕಾಲಿನ ಹಾಗೆ ಗುಳಿ ಬೀಳುತ್ತದೋ ಎಂದು. ನೇಯುತ್ತ ನೇಯುತ್ತ ಬಗ್ಗಿ ಕಾಲು ಒತ್ತಿಕೊಳ್ಳುವ ನನ್ನನ್ನು ನೋಡಿ ಅಪ್ಪ, "ಇರುವೆ ಕಚ್ತಾವಾ?" ಎಂದು ಕೇಳಿದ. ಹೂಂ ಎಂದೆ. ಮರುದಿನ ಅಪ್ಪ ಎಡಗೈಯಲ್ಲೇ ಗುಂಡಿಗೆಲ್ಲ ಅರಿಶಿನ ಉದುರಿಸಿದ್ದ.

ಅಮ್ಮ ಮಾತ್ರ ಏನೂ ಕೇಳಲಿಲ್ಲ. ನಾನು ಏಳುವ ಮೊದಲೇ ದಿಂಬು ಕೊಡವಿರುತ್ತಿದ್ದಳು.

ಯಾರಿಗೂ ಹೇಳದೆ ಕೊಳ್ಳೇಗಾಲದಲ್ಲೇ ಚರ್ಮದ ಡಾಕ್ಟರೊಬ್ಬರಲ್ಲಿಗೆ ಹೋದೆ. ನನ್ನ ವಯಸ್ಸಿನ ಹೆಣ್ಣುಮಗಳು. ಒಂದು ಚಿಟಿಕೆ ಕೂದಲು ಹಿಡಿದು ಮೆಲ್ಲಗೆ ಎಳೆದರು. ಬಂದದ್ದನ್ನು ಬಿಳಿಯ ಕಾಗದದ ಮೇಲೆ ಹರಡಿದರು. ಆಮೇಲೆ ಪ್ರಶ್ನೆಗಳು. ಜ್ವರ ಬಂದಿತ್ತಾ? ತೂಕ ಇಳಿದಿದೆಯಾ? ಊಟ ಸರಿಯಾಗಿ ಮಾಡ್ತೀರಾ? ಯಾವುದಾದರೂ ಮಾತ್ರೆ? ತಲೆಗೆ ಬಣ್ಣ? ಮನೆಯಲ್ಲಿ ಥೈರಾಯ್ಡ್ ಇದೆಯಾ? ರಕ್ತ ಕಡಿಮೆಯಾದರೂ ಉದುರುತ್ತದೆ, ಕಬ್ಬಿಣದಂಶ ಕಡಿಮೆಯಾದರೂ ಉದುರುತ್ತದೆ ಎಂದರು. ಬೋರ್ ನೀರು ಎಂದೆ. ನಕ್ಕರು. "ನೀರಿಗೆ ಕೂದಲು ಒರಟಾಗುತ್ತೆ. ಹೀಗೆ ಬುಡದಿಂದ ಬರಲ್ಲ."

ಕೊನೆಗೆ ಕೇಳಿದರು: "ಮೂರು ನಾಲ್ಕು ತಿಂಗಳ ಹಿಂದೆ ಏನಾದರೂ ಆಗಿತ್ತಾ? ಆಪರೇಷನ್, ದೊಡ್ಡ ಕಾಯಿಲೆ, ಮನಸ್ಸಿಗೆ ಪೆಟ್ಟು ಬೀಳುವಂಥದ್ದು?"

"ಏನಿಲ್ಲ ಮೇಡಂ," ಎಂದೆ.

ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಅವರು ಪರೀಕ್ಷೆಗಳನ್ನು ಬರೆಯುತ್ತಿದ್ದಾಗ ನಾನು, "ಕಿಡ್ನಿದೂ ಬರೀರಿ," ಎಂದೆ. ಪೆನ್ನು ನಿಂತಿತು. ಒಂದು ಸಲ ನನ್ನ ಮುಖ ನೋಡಿ, ಬರೆದರು.

ಎರಡು ದಿನದ ಮೇಲೆ ವರದಿ ಹಿಡಿದು ಮತ್ತೆ ಹೋದೆ. ಎಲ್ಲ ಸರಿಯಿದೆ ಎಂದರು. ರಕ್ತ, ಥೈರಾಯ್ಡ್, ಕಿಡ್ನಿ, ಎಲ್ಲ. ನನಗೆ ಸಮಾಧಾನವಾಗಬೇಕಿತ್ತು. ಅದರ ಬದಲು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕುರ್ಚಿಯಲ್ಲಿ ಕೂತೆ. "ನನ್ನ ತಮ್ಮ ತೀರಿಕೊಂಡ," ಎಂದೆ. ಅವರು ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು.

ಕೂದಲು ಸ್ವಲ್ಪ ಕಾಲ ಬೆಳೆಯುತ್ತದೆ, ಸ್ವಲ್ಪ ಕಾಲ ಸುಮ್ಮನಿರುತ್ತದೆ, ಆಮೇಲೆ ಬೀಳುತ್ತದೆ. ದೊಡ್ಡ ಆಘಾತವಾದರೆ ಬಹಳಷ್ಟು ಕೂದಲು ಒಟ್ಟಿಗೆ ಸುಮ್ಮನಾಗಿಬಿಡುತ್ತದೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತದೆ ಎಂದು ವಿವರಿಸಿದರು. ಸಾಮಾನ್ಯವಾಗಿ ಮತ್ತೆ ಬರುತ್ತದಂತೆ. ಕೆಲವು ತಿಂಗಳು ಬೇಕಂತೆ. ಹಾಗಾದರೆ ಶಿವುವಿಗೆ? ಅವನದು ಕಿಡ್ನಿಗೋ, ಅಪ್ಪನ ಕೈ ಬಿದ್ದ ಸಂಕಟಕ್ಕೋ, ಹೊತ್ತಿಗೆ ಸರಿಯಾಗಿ ಉಣ್ಣದೆ ಅಪ್ಪನ ಪಾಲಿನದೂ ಸೇರಿಸಿ ಸೀರೆ ನೇಯ್ದದ್ದಕ್ಕೋ? ಕೇಳಿದೆ. ನೋಡದೆ ಇದ್ದವರ ಬಗ್ಗೆ ಹೇಳಲಾರೆ ಎಂದರು. ನಾನು ನೋಡಿದ್ದೆನಲ್ಲ. ದಿನಾ ನೋಡುತ್ತಿದ್ದೆ. ನನಗೂ ಹೇಳಲು ಬರುವುದಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ವರದಿ ಇಟ್ಟೆ. ಅವಳಿಗೆ ಓದು ಬಾರದು. "ಕಿಡ್ನಿ ಚೆನ್ನಾಗದಂತೆ ಕಣವ್ವ. ಕೂದ್ಲು ಮತ್ತೆ ಬತ್ತದಂತೆ," ಎಂದೆ.

"ಯಾರಂದ್ರು?"

"ಡಾಕ್ಟ್ರು."

"ರಕ್ತ ತಗದ್ರಾ?"

"ತಗದ್ರು."

ಅಮ್ಮ ಎದ್ದು ದೇವರ ಗೂಡಿನ ಕೆಳಗಿಂದ ಡಬ್ಬಿ ತಂದಳು. ಮುಚ್ಚಳ ತೆಗೆದಳು. ಶಿವುವಿನ ಉದ್ದ ಕೂದಲಿನ ಸುರುಳಿಗಳ ಮೇಲೆ ಗಿಡ್ಡ ಗಿಡ್ಡ ಕೂದಲಿನ ಒಂದು ಪದರ. ನನ್ನದು. ನಾನು ಏಳುವ ಮೊದಲೇ ದಿಂಬಿನಿಂದ ಹೆಕ್ಕಿದ್ದು. ತಿಂಗಳಿಂದ ಅವಳು ಒಬ್ಬಳೇ ಇದನ್ನು ಹೆಕ್ಕುತ್ತ ಯಾವ ಸುದ್ದಿಗೆ ಹೆದರಿ ಕಾಯುತ್ತಿದ್ದಳು ಎಂದು ಆಗ ತಿಳಿಯಿತು.

ಬಾಗಿಲ ಬೆಳಕಿಗೆ ಕೂತು, ಅವಳು ಗಿಡ್ಡ ಕೂದಲನ್ನೆಲ್ಲ ಒಂದೊಂದೇ ಚಿಟಿಕೆಯಾಗಿ ಬೇರೆ ಮಾಡಿದಳು. ಬಹಳ ಹೊತ್ತು ಹಿಡಿಯಿತು. ಮಗ್ಗದ ಮನೆಯವಳ ಬೆರಳು. ಉದ್ದದ್ದೊಂದೂ ಅದರಲ್ಲಿ ಸೇರಲಿಲ್ಲ. ಆಮೇಲೆ ಗಿಡ್ಡದ್ದನ್ನು ಅಂಗೈಯಲ್ಲಿ ಮುದುರಿ ತಿಪ್ಪೆಗೆ ಹಾಕಿ ಬಂದಳು.

"ನಿಂದು ಇಲ್ಯಾಕೆ ಬುಡು," ಎಂದಳು.

ಈಗ ನನ್ನ ಹಣೆಯ ಮೇಲೆ ಸಣ್ಣ ಕೂದಲು ನೆಟ್ಟಗೆ ನಿಂತಿವೆ, ಬಾಚಿದರೆ ಬಗ್ಗುವುದಿಲ್ಲ. ಅಪ್ಪ ಬೆಳಿಗ್ಗೆ ಒಂದು ಗಳಿಗೆ ಎಡಗೈಯಲ್ಲಿ ನೂಲು ಸುತ್ತುತ್ತಾನೆ. ಮಗ್ಗಕ್ಕೆ ಕೂತಿಲ್ಲ. ಹರಕೆ ಹೊತ್ತವನು ಹೋದ. ಹರಕೆ ಏನಾಯಿತು ಎಂದು ಕೇಳಲು ಯಾರಲ್ಲಿಗೆ ಹೋಗಬೇಕೋ ತಿಳಿಯದೆ ಸುಮ್ಮನಿದ್ದೇವೆ.

ಇಷ್ಟೆಲ್ಲ ಯೋಚಿಸುತ್ತ ಚಿಮಟ ಹಿಡಿದು ಕೂತಿದ್ದವನು ಅಮ್ಮನನ್ನು ಕರೆದೆ. ಬಂದಳು. ಕೂದಲು ತೋರಿಸಿದೆ. ಅದರ ಒಂದು ತುದಿ ಶಿವು ನೇಯ್ದ ಬಟ್ಟೆಯೊಳಗೇ ಸಿಕ್ಕಿತ್ತು. ಮೆಲ್ಲಗೆ, ಎಳೆ ಸರಿಯದ ಹಾಗೆ ಎಳೆದೆ. ಪೂರ್ತಿಯಾಗಿ ಬಂತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಬೆರಳಿಗೆ ಸುತ್ತಿಕೊಂಡಳು.

"ಈ ಸೀರೆ ನೇಯ್ದು ಇಳ್ಸು. ಆಮ್ಯಾಕೆ ಡಬ್ಬಿ ತಕಂಡು ಬೆಟ್ಟಕ್ಕೆ ಓಗದ," ಎಂದಳು.

"ಅಪ್ಪ ಇನ್ನೂ ಮಗ್ಗಕ್ಕೆ ಕೂತಿಲ್ವಲ್ಲವ್ವ?"

"ಅವನು ಅರಕೆ ಒತ್ಕಂಡಿದ್ದ, ನಾವು ಒಪ್ಸದ. ಮಿಕ್ಕದ್ದು ಮಾದಪ್ಪಂಗೆ ಬುಟ್ಟದ್ದು."

"ನಾನೂ ತಲೆ ಕೊಟ್ಬುಡ್ಲಾ ಅಂತ," ಎಂದೆ. ಬಹಳ ದಿನದಿಂದ ಬಾಯಲ್ಲಿದ್ದ ಮಾತು.

ಅಮ್ಮ ಕೂದಲು ಸುತ್ತಿದ ಬೆರಳನ್ನು ಹಿಂದಿಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನ ಹಣೆಯ ಮೇಲಿನ ಮೊಂಡು ಕೂದಲನ್ನು ಒಮ್ಮೆ ಸವರಿದಳು.

"ಬ್ಯಾಡ. ಈಗ ತಾನೆ ಉಟ್ತಾ ಅವೆ," ಎಂದಳು. "ನೇಯಿ, ಒತ್ತಾಯ್ತದೆ."