ಕಾಂಪೋಸ್ಟ್ ಲೆಕ್ಕ

ಜಗಳಗಂಟಿ ಎಂದು ನನಗೆ ಊರಲ್ಲೆಲ್ಲ ಹೆಸರು. ಇರಲಿ ಬಿಡಿ, ಅದು ಅಪ್ಪನಿಂದ ಬಂದ ಆಸ್ತಿ.

ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು. ಅತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ನಾಲ್ಕನೇ ಫಾರಮ್ಮಿಗೆ, ಅಂದರೆ ಈಗಿನ ಒಂಬತ್ತನೇ ತರಗತಿಗೆ, ಬಂದರೆ ಗಣಿತ ಎರಡಾಗುತ್ತಿತ್ತು. ಬಡ್ಡಿ, ಲಾಭ-ನಷ್ಟ ಕಲಿಸುವ ಜನರಲ್ ಲೆಕ್ಕ ಒಂದು. ಬೀಜಗಣಿತ, ರೇಖಾಗಣಿತ ತುಂಬಿದ ಕಾಂಪೊಸಿಟ್ಟು ಇನ್ನೊಂದು. ಮುಂದೆ ಇಂಜಿನಿಯರೋ ಲೆಕ್ಕದ ಮೇಷ್ಟರೋ ಆಗಬೇಕಾದರೆ ಎರಡನೆಯದೇ ಬೇಕು. ಹೆಡ್‌ಮಾಸ್ತರರು ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ವಕೀಲರ, ತಹಸೀಲ್ದಾರರ ಮಕ್ಕಳನ್ನು ಕಾಂಪೊಸಿಟ್ಟಿಗೆ ಹಾಕಿದರು, ಹಳ್ಳಿಯವರನ್ನೂ ಹೆಣ್ಣುಮಕ್ಕಳನ್ನೂ ಜನರಲ್ ಲೆಕ್ಕಕ್ಕೆ ತಳ್ಳಿದರು. ನಾನು ಹಳ್ಳಿಯವಳೂ ಹೌದು, ಹೆಣ್ಣೂ ಹೌದು. ಲೆಕ್ಕದಲ್ಲಿ ತರಗತಿಗೇ ಮೊದಲು ಎಂಬುದು ಯಾರಿಗೆ ಬೇಕಿತ್ತು? ಮೈಯೆಲ್ಲ ಉರಿದುಹೋಯಿತು.

ಶನಿವಾರ ನಮ್ಮೂರು ಕಾಮಗೆರೆಗೆ ಹೋದವಳೇ, "ಅಪ್ಪಾ, ಲಾಯರ್ ಮಗನ್ಗೆ ಕೊಟ್ರು, ನಂಗೆ ಕಾಂಪೊಸಿಟ್ ಲೆಕ್ಕ ಕೊಡ್ನಿಲ್ಲ" ಎಂದು ಅಳತೊಡಗಿದೆ. ಆ ವರ್ಷ ಬೇಸಾಯದ ಇಲಾಖೆಯವರು ಊರೂರು ಸುತ್ತಿ ಕಾಂಪೋಸ್ಟ್ ಗೊಬ್ಬರದ ಗುಂಡಿ ತೋಡಿಸುತ್ತಿದ್ದರು. ಅಪ್ಪನ ಕಿವಿಗೆ ಬಿದ್ದದ್ದು ಅದೇ.

"ಇದೆಲ್ಲಿ ನ್ಯಾಯ ಕಣವ್ವಾ! ತಿಪ್ಪೆ ನಮ್ದು, ಅದ್ರ ಲೆಕ್ಕ ಲಾಯರ್ ಮಗನ್ಗಾ? ನಡಿ, ನಾನೇ ಕೇಳ್ತೀನಿ."

ತಿದ್ದಲು ಹೋದೆ. ಕೇಳಿಸಿಕೊಂಡರೆ ತಾನೆ!

ಸೋಮವಾರ ಹೆಡ್‌ಮಾಸ್ತರರ ಕೋಣೆಯಲ್ಲಿ ಅಪ್ಪ ಕೈಮುಗಿದು ನಿಂತ. "ನನ್ ಮಗ್ಳಿಗೂ ಕಾಂಪೋಸ್ಟ್ ಲೆಕ್ಕ ಏಳ್ಕೊಡಿ ಸಾ. ಗುಂಡಿ ಬೇಕಾದ್ರೆ ನಮ್ ಒಲ್ದಲ್ಲೇ ತೋಡ್ಸ್ತೀನಿ."

ಅಲ್ಲಿದ್ದ ಮಾಸ್ತರರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. "ಗೊಬ್ಬರ ಅಲ್ಲಪ್ಪ, ಬೀಜಗಣಿತ" ಎಂದೆ ಗಟ್ಟಿಯಾಗಿ.

"ಬೀಜದ್ದಾ? ಅದೂ ನಮ್ದೇಯ!" ಎಂದ ಅಪ್ಪ.

ಹೆಡ್‌ಮಾಸ್ತರರು ನಗು ತಡೆದುಕೊಂಡು ಹೇಳಿದರು: "ನೋಡಪ್ಪಾ, ಅದು ಕಷ್ಟದ ಪಾಠ. ಆ ಹುಡುಗರಿಗಾದರೆ ಮನೆಯಲ್ಲಿ ಹೇಳಿಕೊಡುವವರಿದ್ದಾರೆ. ನಿನ್ನ ಮನೆಯಲ್ಲಿ ಯಾರಿದ್ದಾರೆ?"

ಅಪ್ಪ ಮುಗಿದ ಕೈ ಇಳಿಸಿದ. "ಯಾರೂ ಇಲ್ಲ ಸಾ. ಮನೇಲಿ ಏಳ್ಕೊಡೋರು ಇದ್ದಿದ್ರೆ ನಿಮ್ತಾವ ಯಾಕ್ ಕಳಿಸ್ತಿದ್ದೆ? ಏಳ್ಕೊಡೋರು ಇಲ್ದೋರ್ಗೇ ಅಲ್ವಾ ಇಸ್ಕೂಲು ಇರಾದು?"

ಕೋಣೆಯಲ್ಲಿ ನಗು ನಿಂತಿತು. ಹೆಡ್‌ಮಾಸ್ತರರು ನನ್ನ ಕಡೆ ತಿರುಗಿ, "ನಾಳೆಯಿಂದ ಆ ಕ್ಲಾಸಿಗೆ ಹೋಗಮ್ಮ" ಎಂದರು.

ಮರುದಿನ ಹೋಗಿ ಮೊದಲ ಬೆಂಚಿನಲ್ಲೇ ಕೂತೆ. ಹುಡುಗರು ಸರಿದು ಜಾಗ ಬಿಟ್ಟರು. ಬಿಡದಿದ್ದರೂ ಕೂರುತ್ತಿದ್ದೆ.