ಬಾರ್ಕೂರಿನ ರಾಣಿಯ ಗಂಡ

ಶ್ರಾವ್ಯ, ಅಂದು ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ತಪ್ಪಿದ್ದು ಅಜ್ಜಿಯ ಮಾತು. ಅದು ಗೊತ್ತಿದ್ದೂ ನಾನು ನಿನ್ನನ್ನೇ ತಪ್ಪಿತಸ್ಥೆ ಮಾಡಿದೆ.

ಕಳೆದ ವಾರ ನೀನು ಕಾರ್ಕ್‌ನಿಂದ ಫೋನ್ ಮಾಡಿದ್ದೆ. ಕಾಲೇಜಿಗೆ ಬಾರ್ಕೂರಿನ ಆಳುಪ ರಾಣಿಯ ಬಗ್ಗೆ ಬರೆಯುತ್ತಿದ್ದೇನೆ, ಅಜ್ಜಿಯ ಕಥೆಯಲ್ಲಿ ಸತ್ತ ರಾಜ ವಾಪಸ್ ಬಂದಿದ್ದನಲ್ಲ, ಅದು ನನ್ನ ಕನಸಾ ಅಂತ ಕೇಳಿದೆ. "ಇರಬಹುದು" ಎಂದು ನಾನು ಫೋನಿಟ್ಟೆ. ಅದೂ ಸುಳ್ಳು.

ಆಗ ನಾವು ಐರ್ಲೆಂಡಿನ ನೇಸ್‌ನಲ್ಲಿದ್ದೆವು. ನೀನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ನಿನ್ನನ್ನು ನೋಡಿಕೊಳ್ಳಲೆಂದು ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಉಡುಪಿಯಿಂದ ಬಂದಿದ್ದರು. ಅವರು ಇತಿಹಾಸದ ಟೀಚರಾಗಿದ್ದವರು. ಬಾರ್ಕೂರಿನ ಸುತ್ತಲಿನ ಶಾಸನಗಳನ್ನು ಓದುತ್ತಲೇ ಅರ್ಧ ಆಯುಷ್ಯ ಕಳೆದವರು. ಊಟದ ಹೊತ್ತಿಗೆ ನಿನಗೆ ಆ ರಾಣಿಯ ಕಥೆಯೇ ಆಗಬೇಕು. ರಾಜ ತೀರಿಕೊಳ್ಳುತ್ತಾನೆ. ರಾಣಿ ತಾನೇ ಪಟ್ಟ ಏರುತ್ತಾಳೆ. ಗಂಡು ದೊರೆಗಳ ಬಿರುದುಗಳನ್ನೇ ಧರಿಸಿ ಆಳುತ್ತಾಳೆ. ಗಂಡನ ಸೋದರಳಿಯ ಪಟ್ಟ ತನ್ನದೆಂದರೂ ಬಿಟ್ಟುಕೊಡುವುದಿಲ್ಲ. ಮಗ ದೊರೆಯಾಗುವುದು ಅವಳ ನಂತರವೇ.

ಒಂದು ಸಂಜೆ ಅತ್ತೆ ಹೇಳಿದರು — "ಆಗ ರಾಜ ಬಂದು ಊಟಕ್ಕೆ ಕರೆದ. ರಾಣಿ ಸಿಂಹಾಸನ ಬಿಟ್ಟು ಎದ್ದುಹೋದ್ಲು."

"ಬಟ್ ಹೀ ಡೈಡ್, ಅಜ್ಜಿ! ಯೂ ಸೆಡ್!" ಎಂದೆ ನೀನು.

"ಯಾರು ತೀರ್ಕೊಂಡ್ರು?" ಅತ್ತೆ ಗಾಬರಿಯಾಗಿ ನನ್ನ ಮುಖ ನೋಡಿದರು.

ಆ ನೋಟ ನನಗೆ ಹೊಸದಲ್ಲ. ವಯಸ್ಸಾದವರನ್ನು ನೋಡುವ ಡಾಕ್ಟರ್ ನಾನು. ದಿನವೂ ವಾರ್ಡಿನಲ್ಲಿ ಕಾಣುತ್ತಿದ್ದೆ. ಹಿಂದಿನ ವಾರವಷ್ಟೇ ಅವರು, ಎಂದೋ ತೀರಿಹೋದ ನಿನ್ನ ಅಜ್ಜನಿಗೆ ಊಟ ಆಯಿತಾ ಎಂದು ಕೇಳಿದ್ದರು. ಇದು ಮರೆವಿನ ಕಾಯಿಲೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೂ ನಿನಗೆ ಹೇಳಿದ್ದು —

"ನೀನೇ ತಪ್ಪು ಕೇಳಿಸ್ಕೊಂಡಿದ್ದೀಯ. ಅಜ್ಜಿಗೆ ಸಾರಿ ಹೇಳು."

ನೀನು ಹೇಳಿದೆ. ಮತ್ತೆಂದೂ ಆ ಕಥೆ ಕೇಳಲಿಲ್ಲ.

ನಿನ್ನ ಅಪ್ಪ ವಾಟರ್‌ಫರ್ಡ್‌ನಲ್ಲಿ ಕೆಲಸದಲ್ಲಿದ್ದು ವಾರದ ಕೊನೆಗೆ ಬರುತ್ತಿದ್ದರು. ಅವರಿಗೂ ಹೇಳಲಿಲ್ಲ. ಹೇಳಿದ್ದರೆ ಅತ್ತೆಯನ್ನು ಊರಿಗೆ ಕರೆದೊಯ್ಯುತ್ತಿದ್ದರು. ತಜ್ಞವೈದ್ಯಳಾಗಲು ಬರೆಯಬೇಕಿದ್ದ ನನ್ನ ಪರೀಕ್ಷೆ ಹತ್ತಿರವಿತ್ತು, ನಿನ್ನನ್ನು ನೋಡಿಕೊಳ್ಳಲು ಬೇರೆ ಯಾರೂ — ಬೇಡ, ನೆಪ ಬೇಡ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅಷ್ಟೇ.

ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ನೀನು ಶಾಲೆಯ ಗೇಟಿನಲ್ಲಿ ಕಾಯುತ್ತಾ ನಿಂತೆ, ಅಜ್ಜಿ ಬರಲಿಲ್ಲ. ಪೊಲೀಸರಿಗೆ ಸಿಕ್ಕಿದ್ದು ಕಾಲುವೆಯ ದಂಡೆಯಲ್ಲಿ — ಕೋಟಿಲ್ಲ, ನೂಲಿನ ಸೀರೆ ಪೂರ್ತಿ ಒದ್ದೆ. ಬಾರ್ಕೂರಿಗೆ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕನ್ನಡದಲ್ಲೇ ಕೇಳುತ್ತಿದ್ದರಂತೆ. ಆಮೇಲೆ ನ್ಯುಮೋನಿಯಾ. ಅದರಿಂದ ಎದ್ದರು, ಆದರೆ ನಮ್ಮ ಗುರುತು ಹತ್ತಲಿಲ್ಲ. ಅಪ್ಪ ಉಡುಪಿಗೆ ಕರೆದುಕೊಂಡು ಹೋದರು. ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು.

ಪರೀಕ್ಷೆಯಲ್ಲಿ ಪಾಸಾದೆ.

ಪ್ರತಿ ವರ್ಷ ಅಜ್ಜಿಯ ತಿಥಿಯ ದಿನ ಅಪ್ಪ ಒಂದೇ ಮಾತು ಹೇಳುತ್ತಾರೆ — "ಹೆತ್ತ ಮಗ, ನಂಗೇ ಗೊತ್ತಾಗ್ಲಿಲ್ವಲ್ಲ." ನಾನೂ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತೇನೆ — "ಯಾರಿಗೂ ಗೊತ್ತಾಗ್ತಿರ್ಲಿಲ್ಲ ರೀ."

ಸಮಾಧಾನದ ಮಾತು ಎಂದು ಅವರು ನಂಬಿದ್ದಾರೆ.

ನಿನ್ನ ಪ್ರಬಂಧದಲ್ಲಿ ರಾಣಿಯ ಆಳ್ವಿಕೆ ಅಜ್ಜಿ ಮೊದಲು ಹೇಳಿದಂತೆಯೇ ಇರಲಿ. ಸತ್ತ ರಾಜ ವಾಪಸ್ ಬಂದದ್ದು ನಮ್ಮ ಮನೆಯ ಸಂಗತಿ.

ಅಪ್ಪ ಕೆಳಗೆ ಅಡುಗೆಮನೆಯಲ್ಲಿದ್ದಾರೆ. ಇದನ್ನು ನಿನಗೆ ಕಳಿಸಿ, ಇಳಿದುಹೋಗಿ ಅವರಿಗೂ ಹೇಳುತ್ತೇನೆ. ಏನೆನ್ನುತ್ತಾರೋ ತಿಳಿಯದು. ಇಷ್ಟು ವರ್ಷ ನನ್ನ ತಪ್ಪನ್ನು ತಮ್ಮದೆಂದು ಹೊತ್ತರು. ಇನ್ನೊಂದು ತಿಥಿಗೂ ಹೊರುವುದು ಬೇಡ.